ಠಾಣೆಯ ಬೇವಿನ ಮರದ ಉಯ್ಯಾಲೆ

ಗಂಟಿನಿಂದಾಚೆ ಉಳಿದಿದ್ದ ಹಗ್ಗದ ತುದಿ ಎರಡು ಬೆರಳಿನಷ್ಟಿತ್ತು. ಒಂದು ಗೇಣಾದರೂ ಇರಬೇಕು. ತುದಿ ಗಿಡ್ಡವಾದರೆ ಭಾರ ಬಿದ್ದಾಗ ಹಗ್ಗ ಜಾರಿ ಗಂಟಿನೊಳಕ್ಕೆ ಹೋಗುತ್ತದೆ, ಗಂಟು ಬಿಚ್ಚಿಕೊಳ್ಳುತ್ತದೆ. ಇದನ್ನು ನನಗೆ ಹೇಳಿಕೊಟ್ಟವನು ಅಪ್ಪ. ನಾನು ಹೈಸ್ಕೂಲಿನಲ್ಲಿದ್ದಾಗ ಮನೆಯ ಹಿಂದೆ ಬಟ್ಟೆ ಒಣಗಿಸುವ ಹಗ್ಗ ಕಟ್ಟುತ್ತ ಹೇಳಿದ್ದ. ಆ ಸಂಜೆ ಎರಡು ಬೆರಳಿನಷ್ಟು ತುದಿ ಬಿಟ್ಟವನೂ ಅಪ್ಪನೇ. ಅವನ ಕಣ್ಣಿಗೆ ಟವೆಲ್ ಕಟ್ಟಿತ್ತು, ಹಾಗಾಗಿ ಅವನಿಗೆ ಅದು ಕಾಣುತ್ತಿರಲಿಲ್ಲ. ಬಸ್ಸಿಳಿದು ಮನೆಗೆ ಹೋಗುತ್ತಿದ್ದ ನನಗೆ ಕಾಣುತ್ತಿತ್ತು.

ಅಪ್ಪ ಅಗ್ನಿಶಾಮಕ ದಳದಲ್ಲಿ ಲೀಡಿಂಗ್ ಫೈರ್‌ಮನ್. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳಲ್ಲೇ ಸುತ್ತಿ ಸುತ್ತಿ ಕೆಲಸ ಮಾಡಿದವನು. ನಮ್ಮದು ಬೆಳಗೊಳದ ಕಡೆಯ ಊರು. ಗದ್ದೆಯನ್ನು ಚಿಕ್ಕಪ್ಪ ನೋಡಿಕೊಳ್ಳುತ್ತಾರೆ, ನಾವು ಅಪ್ಪನಿಗೆ ವರ್ಗವಾದ ಕಡೆಯೆಲ್ಲ ಪಾತ್ರೆ ಪಗಡ ಹೊತ್ತುಕೊಂಡು ಹೋಗುತ್ತಿದ್ದೆವು. ನಾನು ಬರೆಯುತ್ತಿರುವುದು ಅಂಥ ಒಂದು ಠಾಣೆಯ ವಿಷಯ. ಯಾವ ಠಾಣೆ ಎಂದು ಹೇಳುವ ಅಗತ್ಯವಿಲ್ಲ. ಎಲ್ಲ ಕಡೆಯೂ ಮುಂದೆ ಗಾಡಿ ನಿಲ್ಲುವ ಷೆಡ್ಡು, ಅದರ ಪಕ್ಕ ಫೋನಿನ ಕೋಣೆ, ಹಿಂದೆ ಕ್ವಾರ್ಟರ್ಸು. ಈ ಠಾಣೆಯಲ್ಲಿ ಜೊತೆಗೆ ಒಂದು ಬೇವಿನ ಮರವಿತ್ತು. ನಮ್ಮ ಅಡುಗೆಮನೆಯ ಕಿಟಕಿ ಅದಕ್ಕೆ ನೇರವಾಗಿತ್ತು.

ಸಂಜೆ ಹಾಜರಿ ಮುಗಿದು, ಪಂಪನ್ನು ಒಂದು ಸಲ ಓಡಿಸಿ ನೋಡಿ, ಗಾಡಿ ಒರೆಸಿ, ಟ್ಯಾಂಕು ತುಂಬಿಸಿದ ಮೇಲೆ ಠಾಣೆಯವರಿಗೆ ಸ್ವಲ್ಪ ಬಿಡುವು. ಕರೆ ಬರದಿದ್ದರೆ ಆ ಹೊತ್ತಿನಲ್ಲಿ ಉಯ್ಯಾಲೆ ಆಡುತ್ತಿದ್ದರು. ಬಾವಿಗೆ ಜನರನ್ನು ಇಳಿಸಲು, ಮೇಲೆತ್ತಲು ಅವರು ಹಾಕುವ ಒಂದು ಗಂಟಿದೆ. ಒಂದೇ ಹಗ್ಗದಲ್ಲಿ ಎರಡು ಕುಣಿಕೆ ಬರುತ್ತವೆ: ಒಂದು ಕಂಕುಳ ಕೆಳಗೆ, ಇನ್ನೊಂದು ಮಂಡಿಯ ಕೆಳಗೆ. ಅದರಲ್ಲಿ ಮನುಷ್ಯ ಕೂತಂತೆ ಕಾಣುವುದರಿಂದ ಅದನ್ನು ಕುರ್ಚಿಗಂಟು ಎನ್ನುತ್ತಿದ್ದರು. ಆಟವೆಂದರೆ ಒಬ್ಬನ ಕಣ್ಣಿಗೆ ಟವೆಲ್ ಕಟ್ಟುವುದು, ಅವನು ಕಾಣದೆ ಕುರ್ಚಿಗಂಟು ಹಾಕುವುದು, ಹಾಕಿದವನೇ ಅದರಲ್ಲಿ ಕೂರುವುದು. ಹಗ್ಗದ ಇನ್ನೊಂದು ಕೊನೆ ಬೇವಿನ ಕೊಂಬೆಯ ಮೇಲಿಂದ ಹಾದು ಬಂದಿರುತ್ತಿತ್ತು. ಇಬ್ಬರು ಅದನ್ನು ಎಳೆದು, ಕೂತವನನ್ನು ನೆಲದಿಂದ ಒಂದು ಮೊಳ ಎತ್ತಿ ತೂಗುತ್ತಿದ್ದರು. ಉಳಿದವರು ತೊಟ್ಟಿಲ ಕೂಸಿಗೆ ಹಾಡುವ ಹಾಗೆ ಜೋಗುಳ ಹಾಡುತ್ತಿದ್ದರು. ಮೀಸೆ ಹೊತ್ತ ಐದಾರು ಗಂಡಸರು ಒಟ್ಟಿಗೆ ಅಪಸ್ವರದಲ್ಲಿ ಜೋಗುಳ ಹಾಡುವುದನ್ನು ರಸ್ತೆಯಲ್ಲಿ ಹೋಗುವವರು ನಿಂತು ಕೇಳುತ್ತಿದ್ದರು. ಗಂಟು ನಿಂತರೆ ಅವನು ಆ ದಿನದ ರಾಜ, ಮೊದಲ ಲೋಟ ಟೀ ಅವನಿಗೆ. ಗಂಟು ಬಿಚ್ಚಿದರೆ ಕೆಳಗೆ ಸುರಿದ ಮರಳಿನ ಮೇಲೆ ಬೀಳುತ್ತಿದ್ದ. ಗೇಟಿನ ಹೊರಗಿನ ತಳ್ಳುಗಾಡಿಯಿಂದ ಎಲ್ಲರಿಗೂ ಬೋಂಡಾ ಕೊಡಿಸಬೇಕಾಗುತ್ತಿತ್ತು.

ಆಗಾಗ ಬೀಳುತ್ತಿದ್ದವರು ಗಾಡಿಯ ಡ್ರೈವರ್. ಅವರು ಶ್ರೀರಂಗಪಟ್ಟಣದ ಕಡೆಯವರು, ಅಪ್ಪನ ವಯಸ್ಸಿನವರೇ, ದಪ್ಪ ಶರೀರ. ಎಲ್ಲರೂ ಅವರನ್ನು ಬಾಯ್ ಎನ್ನುತ್ತಿದ್ದರು. ಅವರು ಹಗ್ಗದಲ್ಲಿ ಕೂತ ಕೂಡಲೇ ಸುತ್ತಲಿದ್ದವರ ಬಾಯಿ ಶುರುವಾಗುತ್ತಿತ್ತು.

"ಬಾಯ್, ಕೊಂಬೆ ಮುರುದ್ರೆ ಫಾರೆಸ್ಟ್‌ನೋರು ಕೇಸ್ ಆಕ್ತಾರೆ ಕಣ್ರೀ."

"ಏಯ್, ಸುಮ್ಕಿರ್ಲಾ. ನಾನು ಊಟ ಮಾಡಿ ಬೆಳ್ದಿರೋನು, ನಿನ್ನಂಗೆ ಗಾಳಿ ಕುಡ್ಕಂಡಲ್ಲ."

"ಎಳೀರ್ಲಾ, ಎಳೀರಿ. ಇನ್ನೊಂದ್ ಊರಿಂದ ಜನ ಕರುಸ್ಬೇಕಾಯ್ತದೆ."

ಅಷ್ಟರಲ್ಲಿ ಧೊಪ್ಪೆಂದು ಬಿದ್ದ ಸದ್ದು.

"ಯಾ ಅಲ್ಲಾ, ನನ್ ಸೊಂಟ!"

"ಸೊಂಟ ಎಲ್ಲೈತೆ ಬಾಯ್? ತೋರ್ಸಿ, ನೋಡವ."

ಆ ನಗು ನಮ್ಮ ಮನೆಯೊಳಕ್ಕೆ ಬಂದು ಪಾತ್ರೆ ಉಜ್ಜುತ್ತಿದ್ದ ಅವ್ವನನ್ನೂ ನಗಿಸುತ್ತಿತ್ತು. ಅಪ್ಪ ಬಿದ್ದವರನ್ನು ಎಬ್ಬಿಸಿ, ಬಿಚ್ಚಿದ ಗಂಟನ್ನು ಎತ್ತಿ ತೋರಿಸುತ್ತಿದ್ದ. "ತುದಿ ಬುಡಲ್ವಲ್ಲ ಬಾಯ್ ನೀನು! ಜಿಪುಣನ ಮದ್ವೇಲಿ ತುಪ್ಪ ಬಡ್ಸ್ದಂಗೆ ಬುಟ್ಟಿದ್ದೀಯ. ಒಂದ್ ಗೇಣು ಬುಡು, ನಿಮ್ಮಪ್ಪನ ಗಂಟೇನ್ ಓಗಲ್ಲ."

ಅಪ್ಪ ಬಿದ್ದದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಮೊದಲು ಕೆಲಸ ಮಾಡಿದ ಠಾಣೆಯಲ್ಲಿ ಹಿರಿಯರೊಬ್ಬರು ಈ ಆಟ ಕಲಿಸಿದರಂತೆ, ಹುಡುಗರು ಗಂಟು ಹಾಕಿ ಹಾಕಿ ಬೇಸರಪಟ್ಟುಕೊಳ್ಳದಿರಲಿ ಎಂದು. ಹೋದ ಕಡೆಗೆಲ್ಲ ಅಪ್ಪ ಅದನ್ನು ಕೊಂಡೊಯ್ದ. ಬೆಂಕಿಗಿಂತ ಬಾವಿ, ನಾಲೆಗಳ ಕರೆಯೇ ಈ ಕಡೆ ಹೆಚ್ಚು. ಎಲ್ಲಿಯೇ ಆಗಲಿ, ಇಳಿಯುವವನ ಮೈಗೆ ಹಗ್ಗ ಕಟ್ಟುವ ಕೆಲಸ ಅಪ್ಪನದು. ಕಟ್ಟಿದ ಮೇಲೆ ಇಳಿಯುವವನ ಬೆನ್ನಿಗೆ ಒಂದು ಏಟು ಕೊಟ್ಟು, "ಓಗು, ನಾನಿವ್ನಿ" ಎನ್ನುತ್ತಿದ್ದನಂತೆ.

ಆ ವರ್ಷದ ಮಳೆಗಾಲಕ್ಕೆ ಮುಂಚಿನಿಂದ ಮನೆಯಲ್ಲಿ ಕೆಲವು ಬದಲಾವಣೆಗಳಾಗಿದ್ದವು. ಅಪ್ಪ ನಮ್ಮ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಿದ್ದ. ಎಲ್ಲರದೂ ಆದ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದ. ಮುದ್ದೆ ಮುರಿದು ಸಾರಿಗೆ ಅದ್ದುವಾಗ ತಟ್ಟೆಯಿಂದಾಚೆ ಸಾರು ಚೆಲ್ಲುತ್ತಿತ್ತು, ಅವ್ವ ಏನೂ ಹೇಳದೆ ಒರೆಸುತ್ತಿದ್ದಳು. ಬೆಳಿಗ್ಗೆ ಯೂನಿಫಾರ್ಮಿನ ಗುಂಡಿಗಳನ್ನು ಅವಳೇ ಹಾಕುತ್ತಿದ್ದಳು. ಆಗ ಇಬ್ಬರೂ ಬೇರೆ ಏನಾದರೂ ಮಾತಾಡುತ್ತಿದ್ದರು, ಹಾಲಿನವನು ತಡ ಮಾಡಿದ್ದು, ಚಿಕ್ಕಪ್ಪನ ಕಬ್ಬು. ಸುಮ್ಮನೆ ಕೂತಾಗ ಅಪ್ಪನ ಬಲಗೈಯ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಲೇ ಇರುತ್ತಿತ್ತು. ನಾನು ನೋಡಿದರೆ ಆ ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಳ್ಳುತ್ತಿದ್ದ.

ನಾನು ಆಗ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿದ್ದೆ, ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನಮ್ಮ ಮನೆಯಲ್ಲಿ ಯಾವುದನ್ನೂ ನೇರವಾಗಿ ಕೇಳುವ ರೂಢಿಯಿಲ್ಲ. ಆದರೂ ಒಂದು ಭಾನುವಾರ ಕೇಳಿದೆ.

"ಅಪ್ಪ, ಒಂದು ಸಲ ಡಾಕ್ಟರಿಗೆ ತೋರಿಸೋಣ."

"ಯಾಕೆ? ನಂಗೇನಾಗದೆ?"

ನಾನು ಅವನ ಬಲಗೈ ನೋಡಿದೆ. ಅವನು ಅಂಗಳದ ಕಡೆ ತಿರುಗಿದ. "ಡಾಕ್ಟ್ರು ಏನಾರ ಬರ್ದು ಕೊಟ್ಬುಟ್ರೆ ನನ್ನ ಗಾಡಿಯಿಂದ ಇಳ್ಸ್‌ಬುಡ್ತಾರೆ ಕಣ್ ಮಗಾ. ಫೋನ್ ಮುಂದೆ ಕುಂಡ್ರುಸ್ತಾರೆ. ರಿಟೈರ್ ಆಗಾಗಂಟ ನಾನು ಅಲೋ ಅಲೋ ಅನ್ಕಂಡ್ ಕುಂತ್ಕಬೇಕಾ? ಇನ್ನೆರಡು ವರ್ಸ. ಹಗ್ಗ ಇಡ್ಕಂಡೇ ಮನೀಗ್ ಬತ್ತೀನಿ ಬುಡು."

ಅವ್ವ ಒಳಗಿನಿಂದ, "ಬಲವಂತ ಮಾಡ್ಬ್ಯಾಡ ಬುಡವ್ವ" ಎಂದಳು. ಮಾತು ಅಲ್ಲಿಗೆ ನಿಂತಿತು.

ಮೊದಲು ಹೇಳಿದ ಆ ಸಂಜೆ ಇದಾದ ಕೆಲವು ವಾರಗಳ ನಂತರದ್ದು. ಅಪ್ಪ ಕಣ್ಣಿಗೆ ಟವೆಲ್ ಕಟ್ಟಿಸಿಕೊಂಡು ಮರದ ಕೆಳಗೆ ಗಂಟು ಹಾಕುತ್ತಿದ್ದ. ಮೊದಲಿನ ಹಾಗೆ ಕೈ ಸರಸರ ಆಡುತ್ತಿರಲಿಲ್ಲ. ಬೆರಳು ಹಗ್ಗವನ್ನು ಹುಡುಕುತ್ತಿತ್ತು, ಸಿಕ್ಕಿದ್ದು ಜಾರುತ್ತಿತ್ತು, ಮತ್ತೆ ಹುಡುಕುತ್ತಿತ್ತು. ಕೊನೆಗೆ "ಆಯ್ತು" ಎಂದು ಕೈ ಬಿಟ್ಟ. ತುದಿ ಎರಡೇ ಬೆರಳಿನಷ್ಟು ಉಳಿದಿತ್ತು, ಒಳಗಿನ ಸುತ್ತು ಸಡಿಲವಾಗಿತ್ತು.

ಅವನ ಹತ್ತಿರ ನಿಂತಿದ್ದವರು ಪೇಟೆಯಣ್ಣ. ಕೆ.ಆರ್. ಪೇಟೆ ಕಡೆಯವರಾದ್ದರಿಂದ ಠಾಣೆಯಲ್ಲಿ ಅವರಿಗೆ ಪೇಟೆ ಎಂದೇ ಹೆಸರು. ಸಣ್ಣ ಮೈ, ಉದ್ದನೆಯ ಕೈಕಾಲು. ಬಾವಿಗೆ ಇಳಿಯುವವರು ಸಾಮಾನ್ಯವಾಗಿ ಅವರೇ. ಅವರು ಬಾಯ್ ಕಡೆ ನೋಡಿದರು. ಬಾಯ್ ತಕ್ಷಣ ಗಟ್ಟಿಯಾಗಿ ಜೋಗುಳ ಎತ್ತಿದರು, ಉಳಿದವರೂ ಸೇರಿಸಿದರು. ಆ ಗದ್ದಲದಲ್ಲಿ ಪೇಟೆಯಣ್ಣ ಅಪ್ಪನ ಹಿಂದೆ ಬಗ್ಗಿ, ಗಂಟನ್ನು ಬಿಚ್ಚಿ, ಹೊಸದಾಗಿ ಹಾಕಿ, ಒಂದು ಗೇಣು ತುದಿ ಬಿಟ್ಟು ಬಿಗಿದರು. ಅಪ್ಪನಿಗೆ ಹಗ್ಗ ಅಲುಗಾಡಿದ್ದು ಗೊತ್ತಾಗಿರಬೇಕು, ಆದರೆ ಹಗ್ಗವನ್ನು ಮೈಗೆ ಸರಿಮಾಡುವುದು ಮೊದಲಿನಿಂದಲೂ ಇದ್ದದ್ದೇ. ಎಳೆದರು. ಅಪ್ಪ ನೆಲದಿಂದೆದ್ದು ತೂಗಿದ. ಟವೆಲ್ ಕೆಳಗೆ ಅವನ ಬಾಯಿ ನಗುತ್ತಿತ್ತು.

"ರಾಜ ಯಾರ್ಲಾ?" ಎಂದು ಕೂಗಿದ.

"ಗೌಡ್ರೇ!" ಎಂದರು ಎಲ್ಲರೂ.

ಬಾಯ್ ಆಗ ನನ್ನನ್ನು ನೋಡಿದರು. ಬೆರಳನ್ನು ತುಟಿಯ ಮೇಲಿಟ್ಟರು.

ಮರುದಿನ ಅವರು ಗಾಡಿಯ ಗಾಜು ಒರೆಸುತ್ತಿದ್ದಾಗ ಹತ್ತಿರ ಹೋಗಿ ನಿಂತೆ. ನಾನು ಕೇಳುವ ಮೊದಲೇ ಅವರು ಮಾತಾಡಿದರು.

"ಅದು ಆಟ ಕಣಮ್ಮ ಟೀಚರಮ್ಮ. ಆಟ್‌ದಾಗೆ ಗೌಡ ಗೆದ್ರೆ ಯಾರ್ಗೇನು ನಷ್ಟ? ಬಿದ್ರೆ ಅವ್ನು ಆವತ್ತೇ ಮುದುಕ ಆಗ್ಬುಡ್ತಾನೆ. ನಂಗೊತ್ತು ಅವ್ನು."

"ಬಾವಿ ಹತ್ತಿರ ಏನು ಮಾಡ್ತೀರಿ?"

"ಬಾವೀಗೆ ಕಟ್ಟಾಕ್ ನಾವು ಬುಟ್ರೆ ತಾನೆ? ನಾವಿಲ್ವಾ? ಏನಾರ ನೆಪ ಮಾಡಿ ಪೇಟೆನೇ ಕಟ್ಕತಾನೆ. ಇಂಗೇ ಎರಡು ವರ್ಸ ದಾಟಿಸ್ಬುಡವ. ಇನ್ಶಾ ಅಲ್ಲಾ, ರಾಜನಾಗೇ ಮನೀಗ್ ಓಗ್ಲಿ."

ಅವರ ಕಣ್ಣಲ್ಲಿ ಕಪಟವಿರಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲಿನ ಸ್ನೇಹ ಅದು. ಒಮ್ಮೆ ಕಬ್ಬಿನ ಗದ್ದೆಯ ಬೆಂಕಿ ಗಾಳಿಗೆ ತಿರುಗಿ ಬಂದಾಗ ಹೊಗೆಯಲ್ಲಿ ಕುಸಿದ ಬಾಯ್ ಅವರನ್ನು ಅಪ್ಪ ಎಳೆದು ತಂದಿದ್ದ ಎಂದು ಅವ್ವ ಹೇಳಿದ್ದು ನೆನಪಿದೆ. ನಾನು ಸರಿ ಎಂದು ಬಂದುಬಿಟ್ಟೆ. ಆಮೇಲೆ ಸಂಜೆ ಬಸ್ಸಿಳಿದು ಬರುವಾಗ ಮರದ ಕಡೆ ನೋಡದೆ ಮನೆಯೊಳಕ್ಕೆ ಹೋಗುತ್ತಿದ್ದೆ. ಜೋಗುಳ ಜೋರಾದಾಗ ಏನು ನಡೆಯುತ್ತಿದೆ ಎಂದು ಗೊತ್ತಾಗುತ್ತಿತ್ತು.

ಬಾವಿಯ ಕರೆ ಬಂದಾಗ ನಾನು ಅಲ್ಲಿರಲಿಲ್ಲ. ಬಾಯ್ ಹೇಳಿದ್ದರಿಂದ ಗೊತ್ತು. ಮಧ್ಯಾಹ್ನದ ಹೊತ್ತು. ತೆಂಗು, ರಾಗಿಯ ಒಣ ಸೀಮೆಯಲ್ಲಿ ಒಂದು ಹಳೆಯ ಕಲ್ಲುಬಾವಿಗೆ ಮೇಕೆ ಬಿದ್ದಿತ್ತು. ನೀರು ಅಷ್ಟಾಗಿ ಇರಲಿಲ್ಲ, ಮೇಕೆ ಒಳಗೋಡೆಯಿಂದ ಚಾಚಿದ್ದ ಕಲ್ಲಿನ ಮೇಲೆ ನಿಂತು ಅರಚುತ್ತಿತ್ತು. ಠಾಣೆಯ ಸಾಹೇಬರು ಮೀಟಿಂಗಿಗೆಂದು ಮಂಡ್ಯಕ್ಕೆ ಹೋಗಿದ್ದರು, ಹಾಗಾಗಿ ಹಿರಿಯನೆಂದರೆ ಅಪ್ಪನೇ. ಬಾವಿಯ ಸುತ್ತ ಊರೆಲ್ಲ ಸೇರಿತ್ತು. ಗಾಡಿ ನಿಲ್ಲುವ ಮೊದಲೇ ಅಪ್ಪ ಹಗ್ಗ ಹಿಡಿದು ಇಳಿದುಬಿಟ್ಟಿದ್ದ.

ಪೇಟೆಯಣ್ಣ ಅವನ ಹಿಂದೆಯೇ ಹೋದರಂತೆ. "ಕೊಡಿ ಗೌಡ್ರೆ, ನಾನೇ ಕಟ್ಕತೀನಿ. ನೀವು ಜನ ಹಿಂದಕ್ ಕಳ್ಸಿ."

"ಯಾಕ್ಲಾ?"

"ಸುಮ್ಕೆ ಅಂದೆ ಕಣ್ ಗೌಡ್ರೆ. ಬಿಸ್ಲು."

"ನೆನ್ನೆ ರಾಜ ಆದೋನ್ಯಾರ್ಲಾ? ನೀನಾ ನಾನಾ?"

ಸುತ್ತ ನಿಂತಿದ್ದ ಜನ ವಿಷಯ ತಿಳಿಯದೆ ನಕ್ಕರು. ಪೇಟೆಯಣ್ಣ ಬಾಯ್ ಕಡೆ ನೋಡಿದರು. ಬಾಯ್ ಗಾಡಿಯ ಪಕ್ಕದಲ್ಲಿ ನಿಂತು ಏನು ಹೇಳಬಹುದೆಂದು ಯೋಚಿಸಿದರಂತೆ. ಹೇಳಬಹುದಾದ ಮಾತು ಒಂದೇ ಇತ್ತು. ಅದನ್ನು ಅಷ್ಟು ಜನರೆದುರು ಹೇಳಲು ಅವರಿಗೆ ಬಾಯಿ ಬರಲಿಲ್ಲ. "ನಾಲ್ಗೆ ತುದಿಗ್ ಬಂದದ್ದು ನುಂಗ್‌ಬುಟ್ಟೆ ಕಣಮ್ಮ" ಎಂದು ಆಮೇಲೆ ನನಗೆ ಹೇಳಿದರು. ಅಪ್ಪ ಪೇಟೆಯಣ್ಣನ ಕಂಕುಳ ಕೆಳಗೆ, ಮಂಡಿಯ ಕೆಳಗೆ ಕುಣಿಕೆ ಹಾಕಿದ, ಗಂಟು ಬಿಗಿದ, ಬೆನ್ನಿಗೆ ಏಟು ಕೊಟ್ಟ. ಪೇಟೆಯಣ್ಣ ಬಗ್ಗಿ ಗಂಟನ್ನು ನೋಡಿದರು. ಬಿಚ್ಚಿ ಕಟ್ಟಿಕೊಳ್ಳಲಿಲ್ಲ. ತಲೆಯ ಮೇಲಿನ ಹಗ್ಗವನ್ನು ಎರಡೂ ಕೈಯಲ್ಲಿ ಬಲವಾಗಿ ಹಿಡಿದುಕೊಂಡು ಬಾವಿಯಂಚಿನಿಂದ ಇಳಿದರು.

ಮೇಕೆ ನಿಂತಿದ್ದ ಕಲ್ಲು ಇನ್ನೇನು ಕಾಲಿಗೆ ಸಿಗುತ್ತದೆ ಎನ್ನುವಾಗ ಮಂಡಿಯ ಕುಣಿಕೆ ಸಡಿಲವಾಯಿತು. ಭಾರವೆಲ್ಲ ಕೈಗೆ ಬಂತು. ಹಗ್ಗ ಅಂಗೈಯಲ್ಲಿ ಜಾರಿ ಅವರು ಕೆಳಗೆ ಬಿದ್ದರು. ಕೈಯಿಂದ ಹಿಡಿದಿದ್ದರಿಂದ ತಲೆ ಉಳಿಯಿತು, ಕಾಲು ಕಲ್ಲಿಗೆ ಬಡಿದು ಮುರಿಯಿತು. ಅವರು ಕೆಳಗಿನಿಂದ, "ಏನಾಗಿಲ್ಲ ಗೌಡ್ರೆ, ನಂದೇ ಕೈ ಜಾರ್ತು" ಎಂದು ಕೂಗಿದರಂತೆ. ಏಣಿ ಇಳಿಬಿಟ್ಟು ಬೇರೆ ಇಬ್ಬರು ಇಳಿದು ಅವರನ್ನು ಮೇಲಕ್ಕೆ ತಂದರು. ಮೇಕೆಯೂ ಮೇಲೆ ಬಂತು, ಅದಕ್ಕೆ ಒಂದು ಗೀರೂ ಆಗಿರಲಿಲ್ಲ. ಮೇಕೆಯ ಒಡತಿ ಅದನ್ನು ತಬ್ಬಿಕೊಂಡು ಅಪ್ಪನ ಕಾಲು ಮುಟ್ಟಲು ಬಂದಳಂತೆ. ಅಪ್ಪ ಹಿಂದಕ್ಕೆ ಸರಿದ.

ಆ ರಾತ್ರಿ ಅಪ್ಪ ಊಟ ಮಾಡಲಿಲ್ಲ. ಅವ್ವ ತಟ್ಟೆ ಮುಚ್ಚಿಟ್ಟಳು.

ಮರುದಿನ ನಾನು ಕಾಲೇಜಿನಿಂದ ಬಂದಾಗ ಅಪ್ಪ ಮನೆಯ ಹೊರಗಿನ ಜಗುಲಿಯ ಮೇಲೆ ಕೂತಿದ್ದ. ತೊಡೆಯ ಮೇಲೆ ಠಾಣೆಯ ಹಗ್ಗವಿತ್ತು. ಬಾವಿಯ ಹತ್ತಿರದಿಂದ ತಂದದ್ದು, ಅರ್ಧ ಬಿಚ್ಚಿದ ಗಂಟು ಇನ್ನೂ ಹಾಗೇ ಇತ್ತು.

"ಇಲ್ ಬಾ ಮಗಾ. ಕುಂತ್ಕ."

ಕೂತೆ.

"ಒಂದ್ ಮಾತ್ ಕೇಳ್ತೀನಿ. ಸುಳ್ ಏಳ್ಬ್ಯಾಡ."

"ಕೇಳು."

"ನೋಡಿಲ್ಲಿ, ತುದಿ ಏಸ್ ಬುಟ್ಟಿದ್ದೀನಿ ಅಂತ. ಇಂಗ್ ಕಟ್ಟೋನು ಉಯ್ಯಾಲೇಲಿ ಒಂದಿನಾರ ಬೀಳ್ಬೇಕಾಗಿತ್ತಲ್ವಾ? ಬಿದ್ದಿಲ್ಲ. ದಿನಾ ರಾಜ ಆಗಿವ್ನಿ. ಅದೆಂಗೆ?"

ನಾನು ಹಗ್ಗವನ್ನೇ ನೋಡುತ್ತಿದ್ದೆ.

"ಕಿಟಕೀಲಿ ನಿಂಗ್ ಕಾಣ್ತದೆ. ಯಾರಾರ ಮುಟ್ತಿದ್ರಾ?"

"ಮುಟ್ತಿದ್ರು."

"ಪೇಟೆನಾ?"

"ಹೂಂ."

"ಎಲ್ರಿಗೂ ಗೊತ್ತಾ?"

"ಗೊತ್ತು."

ಅವನ ಕೋಪವನ್ನು ನಾನು ಎದುರು ನೋಡಿದ್ದೆ. ಅದು ಬರಲಿಲ್ಲ. ಅಪ್ಪ ಷೆಡ್ಡಿನ ಕಡೆ ನೋಡಿದ. ಅಲ್ಲಿ ಯಾರೋ ಗಾಡಿಗೆ ನೀರು ತುಂಬಿಸುತ್ತಿದ್ದರು, ಪೈಪಿನ ಸದ್ದು ಬರುತ್ತಿತ್ತು.

"ಒಳ್ಳೇರು ಕಣವ್ವ ಅವ್ರು. ಒಳ್ಳೇರು ಮಾಡೋ ಕೆಲ್ಸ ಅಲ್ಲ ಅದು" ಎಂದ. ಆಮೇಲೆ, "ನಾಕ್ ದಿನ ಬಿದ್ದಿದ್ರೆ ನಂಗೇ ತಿಳೀತಿತ್ತು" ಎಂದ. ಎದ್ದು ಹಗ್ಗವನ್ನು ಎತ್ತಿಕೊಂಡು ಅಂಗಳಕ್ಕೆ ಹೋದ.

ಆ ದಿನ ಯಾರೂ ಉಯ್ಯಾಲೆಯ ಯೋಚನೆ ಮಾಡಿರಲಿಲ್ಲ. ಹಾಜರಿ ಮುಗಿಸಿ ಅಲ್ಲಲ್ಲಿ ಕೂತಿದ್ದರು. ಅಪ್ಪ ಹಗ್ಗವನ್ನು ಕೊಂಬೆಯ ಮೇಲೆ ಎಸೆದ. ಎರಡು ಸಲ ತಪ್ಪಿತು. ಮೂರನೇ ಸಲ ಹಾದು ಬಂತು. ಬಾಯ್ ಎದ್ದು ಬಂದರು.

"ಇವತ್ತು ಬ್ಯಾಡ ಗೌಡ."

"ಇವತ್ತೇ ಆಗ್ಬೇಕು."

"ಪೇಟೆ ಆಸ್ಪತ್ರೇಲವ್ನೆ. ಯಾರ್ಗೂ ಮನ್ಸಿಲ್ಲ."

"ಅವ್ನು ಆಸ್ಪತ್ರೇಲಿರಾದು ನನ್ನಿಂದ ಕಣ್ ಬಾಯ್. ಎಲ್ರನ್ನೂ ಕರಿ."

ಬಂದು ಸುತ್ತ ನಿಂತರು. ಒಬ್ಬರು ರೂಢಿಯಂತೆ ಟವೆಲ್ ತೆಗೆದರು. ಅಪ್ಪ ಅದನ್ನು ತಳ್ಳಿದ. "ಕಣ್ ಬುಟ್ಕಂಡೇ ಕಟ್ತೀನಿ. ನೀವೂ ಕಣ್ ಬುಟ್ಕಂಡ್ ನೋಡಿ. ಯಾವ್ ನನ್ ಮಗ್ನೂ ಕೈ ಆಕ್ಬ್ಯಾಡಿ."

ನಾನು ಜಗುಲಿಯಿಂದ ಇಳಿಯಲಿಲ್ಲ. ಅವ್ವ ಅಡುಗೆಮನೆಯ ಕಿಟಕಿಗೆ ಬಂದು ನಿಂತಿದ್ದಳು. ಇನ್ನೂ ಬೆಳಕಿತ್ತು. ಅಪ್ಪ ಹಗ್ಗವನ್ನು ಮೈಗೆ ಸುತ್ತಿಕೊಂಡು ಕುಣಿಕೆ ಮಾಡಲು ಹೊರಟ. ಬಲಗೈ ಕೇಳಲಿಲ್ಲ. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದು ನಿಲ್ಲಿಸಿದ, ಬಿಟ್ಟ ಕೂಡಲೇ ಅದು ಮತ್ತೆ ಅಲುಗತೊಡಗಿತು. ತನ್ನ ಕೈಯನ್ನು ಬೇರೆ ಯಾರದೋ ಕೈಯನ್ನು ನೋಡುವ ಹಾಗೆ ನೋಡಿದ. ಬಹಳ ಹೊತ್ತು ಹಿಡಿಯಿತು. ಯಾರೂ ಅಲುಗಾಡಲಿಲ್ಲ. ಗಂಟು ಹೇಗೋ ಆಯಿತು. ಅವನು ಅದರಲ್ಲಿ ಕೂತು, ಎಳೆಯಿರಿ ಎಂದು ತಲೆಯಾಡಿಸಿದ.

ಎಳೆಯಬೇಕಾದವರು ಹಗ್ಗ ಹಿಡಿದು ನಿಂತೇ ಇದ್ದರು.

"ಎಳೀರ್ಲಾ. ನಾನೇನ್ ಬಾಯ್‌ನಷ್ಟು ಭಾರ ಇಲ್ಲ."

ಎಳೆದರು. ಅಪ್ಪನ ಕಾಲು ನೆಲ ಬಿಟ್ಟಿತು.

"ಜೋಗುಳ ಎಲ್ಲೋಯ್ತ್ರಲಾ? ಕೂಸು ಮಲೀಕತದಾ ಇಂಗಾದ್ರೆ?"

ಬಾಯ್ ಒಬ್ಬರೇ ಶುರು ಮಾಡಿದರು. ಒಂದು ಸಾಲು ಹಾಡಿದರು. ಅಷ್ಟರಲ್ಲಿ ಗಂಟು ಬಿಚ್ಚಿತು. ಅಪ್ಪ ಮರಳಿನ ಮೇಲೆ ಬಿದ್ದ. ಬಿದ್ದ ರಭಸಕ್ಕೆ ಟೋಪಿ ಉರುಳಿತು. ಅವನು ಏಳಲಿಲ್ಲ, ಕೂತೇ ಇದ್ದ. ಇಬ್ಬರು ಎತ್ತಲು ಬಂದರು, ಕೈ ಎತ್ತಿ ನಿಲ್ಲಿಸಿದ.

"ನಗ್ರಲಾ" ಎಂದ.

ಯಾರೂ ನಗಲಿಲ್ಲ.

"ಬಾಯ್ ಬಿದ್ದಾಗ ನಗ್ತಿದ್ರಲ್ಲ? ನಾನೇನು ಮ್ಯಾಗ್ಲಿಂದ ಇಳ್ದ್ ಬಂದಿವ್ನಾ? ನಗ್ರಲಾ. ನಗ್ದೆ ಇದ್ರೆ ನಾ ಇಲ್ಲಿಂದ ಏಳಾಕಿಲ್ಲ."

ಮೊದಲು ಬಾಯ್ ನಕ್ಕರು. ಅದು ನಗುವಿನಂತೆ ಇರಲಿಲ್ಲ, ಕೆಮ್ಮಿನಂತಿತ್ತು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಅಪ್ಪ ಅವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ. ಕೊನೆಗೆ ಅವನೂ ನಕ್ಕ. ನಾನು ಕಿಟಕಿಯ ಕಡೆ ತಿರುಗಿದೆ. ಅವ್ವ ಅಲ್ಲಿರಲಿಲ್ಲ.

ಸೋತವನ ಬೋಂಡಾ ಬಂತು. ಪೊಟ್ಟಣ ಬಿಚ್ಚಿ ಮರದ ಕೆಳಗೆ ಕೂತು ತಿಂದರು. ಅಪ್ಪ ಎಲ್ಲರ ಎದುರಿಗೇ ಟೀ ಕುಡಿದ, ಲೋಟದಿಂದ ಟೀ ಅಂಗಿಯ ಮೇಲೆ ಚೆಲ್ಲಿತು. ಒರೆಸಿಕೊಳ್ಳಲಿಲ್ಲ. ಪೇಟೆಯಣ್ಣನಿಗೆಂದು ಎರಡು ಬೋಂಡಾ ಎತ್ತಿಡಿ ಎಂದು ಒಬ್ಬರು ಹೇಳಿದರು. "ನಾಳೀಕೆ ಅಳ್ಸ್ ಓಯ್ತವೆ, ತಿನ್ಲಾ ಸುಮ್ಕೆ" ಎಂದು ಇನ್ನೊಬ್ಬರು ಗದರಿದರು. ನಂತರ ಅಪ್ಪ ಹಗ್ಗವನ್ನು ಇಳಿಸಿ, ನಿಧಾನವಾಗಿ ಸುರುಳಿ ಸುತ್ತಿ, ಗಾಡಿಯಲ್ಲಿ ಅದರ ಜಾಗದಲ್ಲಿಟ್ಟು ಬಾಗಿಲು ಹಾಕಿದ.

"ಸಾಹೇಬ್ರಿಗೆ ನಾನೇ ಏಳ್ತೀನಿ" ಎಂದ ಬಾಯ್ ಅವರಿಗೆ. "ಫೋನಿನ ಹತ್ರ ಕುಂತ್ಕತೀನಿ. ನೀವು ಉಯ್ಯಾಲೆ ನಿಲ್ಲುಸ್ಬ್ಯಾಡಿ. ಬೀಳೋರ್ನ ಬೀಳಾಕ್ ಬುಡಿ."

ಬಾಯ್ ಅಪ್ಪನ ಹೆಗಲ ಮೇಲಿನ ಮರಳನ್ನು ಕೊಡವಿದರು. ಕೊಡವುತ್ತಲೇ ಇದ್ದರು.

ಮನೆಗೆ ಬಂದ ಅಪ್ಪ ನನ್ನನ್ನು ನೋಡದೆ ಕೇಳಿದ. "ನಾಳೀಕೆ ಕಾಲೇಜೈತಾ?"

"ಇದೆ."

"ರಜ ಸಿಕ್ಕತದಾ?"

"ಸಿಗುತ್ತೆ."

ಅವ್ವ ಮುದ್ದೆಗೆ ನೀರಿಟ್ಟಳು. ಆ ರಾತ್ರಿ ಮೂವರೂ ಒಟ್ಟಿಗೆ ಕೂತು ಉಂಡೆವು.

ಬೆಳಿಗ್ಗೆ ಅಪ್ಪ ಮತ್ತು ನಾನು ಮಂಡ್ಯದ ಬಸ್ಸು ಹತ್ತಿ ಆಸ್ಪತ್ರೆಗೆ ಹೋದೆವು. ಮೇಲಿನ ವಾರ್ಡಿನಲ್ಲಿ ಪೇಟೆಯಣ್ಣ ಕಾಲಿಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದರು. ಅಪ್ಪನನ್ನು ಕಂಡು ಏಳಲು ಹೋದರು. ಅಪ್ಪ ಅವರ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತ. ಇಬ್ಬರೂ ಏನು ಮಾತಾಡಿದರೋ ಗೊತ್ತಿಲ್ಲ, ನಾನು ನಿಲ್ಲಲಿಲ್ಲ. ಕೆಳಗೆ ಬಂದು ಚೀಟಿ ಮಾಡಿಸುವ ಸಾಲಿನಲ್ಲಿ ನಿಂತೆ. ಉದ್ದನೆಯ ಸಾಲು. ನನ್ನ ಸರದಿ ಬಂದಾಗ ಗಾಜಿನ ಹಿಂದಿದ್ದ ಹೆಂಗಸು ಅಪ್ಪನ ಹೆಸರು, ವಯಸ್ಸು ಕೇಳಿ ಬರೆದುಕೊಂಡಳು.

"ಏನ್ ತೊಂದ್ರೆ?"

ಹೇಳಿದೆ. ಅವಳಿಗೆ ಕೇಳಿಸಲಿಲ್ಲ. "ಜೋರಾಗ್ ಹೇಳಿ, ಮೇಡಂ" ಎಂದಳು. ನನ್ನ ಹಿಂದೆ ಜನರಿದ್ದರು. ಗಾಜಿನ ತೂತಿಗೆ ಬಾಯಿ ಹತ್ತಿರ ತಂದು, ಅಪ್ಪನ ಕೈ ನಡುಗುತ್ತದೆ ಎಂದು ಮತ್ತೆ ಹೇಳಿದೆ. ಅವಳು ನರರೋಗದ ಡಾಕ್ಟರ ಕೋಣೆಯ ನಂಬರು ಬರೆದು ಚೀಟಿ ಕೊಟ್ಟಳು. ಅದನ್ನು ಹಿಡಿದುಕೊಂಡು ಅಪ್ಪನನ್ನು ಕರೆಯಲು ಮೆಟ್ಟಿಲು ಹತ್ತಿದೆ.